ಹಳ್ಳಿ ಶಾಲೆಯ ಸಾಧನೆ ಪಟ್ಟಿಯನ್ನು ಓದುವುದು ಹೇಗೆ?

ಪ್ರಶ್ನೆ: ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ನಮ್ಮ ತಂಡ ಆನೇಕಲ್ ಕಡೆಯ ಒಂದು ಸರ್ಕಾರಿ ಶಾಲೆಗೆ ನೆರವು ಕೊಡಬೇಕೆಂದಿದೆ. ಶಾಲೆಯವರು ಕಳಿಸಿದ ವರದಿಯಲ್ಲಿ ನಲಿಕಲಿ, ಮೆಟ್ರಿಕ್ ಮೇಳ, ಪ್ರತಿಭಾ ಕಾರಂಜಿ, ಇನ್‌ಸ್ಪೈರ್, ಎನ್‌ಎಂಎಂಎಸ್ ಅಂತೆಲ್ಲ ಇದೆ. ಇದರಲ್ಲಿ ನಿಜವಾದ ಸಾಧನೆ ಯಾವುದು, ತೋರಿಕೆ ಯಾವುದು ಅಂತ ನಮ್ಮಂಥ ಹೊರಗಿನವರಿಗೆ ಗೊತ್ತಾಗುವುದು ಹೇಗೆ?

ಉತ್ತರ: ಇಂಥ ವರದಿಗಳನ್ನು ನಾನೇ ವರ್ಷಾವರ್ಷ ಬರೆದುಕೊಟ್ಟಿದ್ದೇನೆ. ಮೊದಲು ಮಾಗಡಿ ತಾಲ್ಲೂಕು, ಈಗ ಆನೇಕಲ್ ತಾಲ್ಲೂಕು. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲೇ ನನ್ನ ನೌಕರಿ ನಡೆದಿದೆ. ವರದಿ ಹೇಗೆ ತಯಾರಾಗುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಕೇಳುವವರು ಶುಕ್ರವಾರ ಸಂಜೆ ಫೋನ್ ಮಾಡಿ ಸೋಮವಾರ ಬೆಳಗ್ಗೆ ಬೇಕು ಅನ್ನುತ್ತಾರೆ. ನಾವು ಎಚ್‌ಎಂ (ಮುಖ್ಯ ಶಿಕ್ಷಕರ) ಕೋಣೆಯ ಬೀರು ತೆಗೆದು, ಅದರಲ್ಲಿರುವ ಕಪ್ಪು, ಪ್ರಶಸ್ತಿ ಪತ್ರ, ಫೋಟೊ ನೋಡಿಕೊಂಡು ಬರೆಯುತ್ತೇವೆ. ಬೀರುವಿನಲ್ಲಿ ಇಲ್ಲದ್ದು ವರದಿಗೆ ಬರುವುದಿಲ್ಲ. ಸುಳ್ಳು ಬರೆಯುತ್ತೇವೆ ಅಂತಲ್ಲ. ಬರೆದದ್ದೆಲ್ಲ ನಿಜವೇ ಇರುತ್ತದೆ, ಆದರೆ ಅಷ್ಟೂ ಬಹುಮಾನ ನಾಲ್ಕೈದು ಮಕ್ಕಳ ಹೆಸರಿನಲ್ಲೇ ಇರುತ್ತದೆ. ಹಾಗಾಗಿ ಪಟ್ಟಿಯ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ಒಟ್ಟು ಎಷ್ಟು ಮಕ್ಕಳು ಇದ್ದರು? ಗೆದ್ದವರನ್ನು ಆಮೇಲೆ ನೋಡೋಣ.

ನಲಿಕಲಿಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದು ವರದಿಯಲ್ಲಿ ಒಂದು ಸಾಲು, ಶಾಲೆಯಲ್ಲಿ ಅರ್ಧ ಬದುಕು. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ ಹುಟ್ಟಿದ ಪದ್ಧತಿ ಇದು. ಅಲ್ಲಿನ ಮೇಷ್ಟ್ರುಗಳು ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಬಂದು, ತಮ್ಮ ಮಕ್ಕಳಿಗೆ ತಕ್ಕಂತೆ ಪಾಠಗಳನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ಬರೆದರು. 2009ರ ಹೊತ್ತಿಗೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. 1, 2, 3ನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಆ ಗುಂಪಿಗೆ ನಾವು ‘ತಟ್ಟೆ’ ಅನ್ನುತ್ತೇವೆ. ಒಂದು ತಟ್ಟೆಗೆ ಟೀಚರ್ ಪೂರ್ತಿ ಪಾಠ ಹೇಳಬೇಕು, ಇನ್ನೊಂದಕ್ಕೆ ಸ್ವಲ್ಪ ಸಹಾಯ ಸಾಕು, ಮತ್ತೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ, ಕೊನೆಯದರಲ್ಲಿ ಒಬ್ಬೊಬ್ಬರೇ ಮಾಡಿಕೊಳ್ಳುತ್ತಾರೆ. ಕಾರ್ಡುಗಳ ಮೇಲೆ ಪ್ರಾಣಿ ಪಕ್ಷಿಗಳ ಚಿತ್ರ ಇರುತ್ತದೆ. ಇನ್ನೂ ಓದಲು ಬಾರದ ಮಗುವೂ ಚಿತ್ರ ನೋಡಿ ತನ್ನ ಕಾರ್ಡನ್ನು ತಾನೇ ಹುಡುಕಿ ತರುತ್ತದೆ. ಅಕ್ಷರವೂ ‘ಅ ಆ ಇ ಈ’ ಕ್ರಮದಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಇಂದ ಶುರು. ಇಷ್ಟು ಕಲಿತ ಮಗು ‘ಅರಸ’, ‘ಸರ’, ‘ದಸರ’ ಅಂತ ಓದಿಬಿಡುತ್ತದೆ. ಐವತ್ತು ಅಕ್ಷರ ಮುಗಿಯುವವರೆಗೆ ಕಾಯುವ ಕಷ್ಟ ಇಲ್ಲ.

ನೀವು ಶಾಲೆಗೆ ಹೋದಾಗ ನಲಿಕಲಿ ಕೋಣೆಯಲ್ಲಿ ‘ಪ್ರಗತಿ ನೋಟ’ ಅನ್ನುವ ಚಾರ್ಟು ಎಲ್ಲಿದೆ ಅಂತ ಕೇಳಿ. ಪ್ರತಿ ಮಗು ಯಾವ ಮೈಲಿಗಲ್ಲಿನಲ್ಲಿದೆ, ಅಂದರೆ ಕಲಿಕೆಯ ಯಾವ ಹಂತದಲ್ಲಿದೆ ಅನ್ನುವುದು ಅದರಲ್ಲಿ ಇರಬೇಕು. ಎಲ್ಲ ಮಕ್ಕಳೂ ಒಂದೇ ಮೈಲಿಗಲ್ಲಿನಲ್ಲಿದ್ದಾರೆ ಅಂತ ತೋರಿಸುತ್ತಿದ್ದರೆ ಅದು ನಿಮಗಾಗಿ ಹಿಂದಿನ ದಿನ ತುಂಬಿದ ಚಾರ್ಟು. ಏರುಪೇರು ಇದ್ದರೆ, ಒಂದಿಬ್ಬರು ತೀರಾ ಹಿಂದೆ ಇದ್ದರೆ, ಆ ಟೀಚರ್ ಕೆಲಸ ಮಾಡುತ್ತಿದ್ದಾರೆ ಅಂತಲೇ ಅರ್ಥ. ಹಾಗೇ ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಬಳಿದ ಕಪ್ಪುಹಲಗೆ ಇರುತ್ತದೆ, ಅದರ ಮೇಲೆ ಸೀಮೆಸುಣ್ಣದ ಪುಡಿ ಇದೆಯೋ ನೋಡಿ. ಬಳಸುವ ಹಲಗೆ ಯಾವತ್ತೂ ಬೆಳ್ಳಗೆ ಮಾಸಿರುತ್ತದೆ. ಫಳಫಳ ಹೊಳೆಯುತ್ತಿದ್ದರೆ ಅನುಮಾನ ಪಡಿ.

ನಲಿಕಲಿಗೆ ಒಂದು ಊನವೂ ಇದೆ, ಹೇಳದಿದ್ದರೆ ತಪ್ಪಾಗುತ್ತದೆ. 3ರವರೆಗೆ ತನ್ನ ವೇಗದಲ್ಲಿ ಕಲಿತ ಮಗು 4ನೇ ತರಗತಿಗೆ ಬಂದ ಕೂಡಲೇ ಬೆಂಚು, ಪಠ್ಯಪುಸ್ತಕ, ಪರೀಕ್ಷೆ. ಅಲ್ಲಿ ಸಾಕಷ್ಟು ಮಕ್ಕಳು ಮುಗ್ಗರಿಸುತ್ತಾರೆ. ಜೂನ್‌ನಲ್ಲಿ ಸೇತುಬಂಧ ಅಂತ ಮಾಡಿ ಹಿಂದಿನದನ್ನು ತಿರುಗಿ ಹೇಳಿಕೊಡುತ್ತೇವೆ, ಆದರೆ ಶಿಕ್ಷಕರ ಹುದ್ದೆ ಖಾಲಿ ಇದ್ದು ಅತಿಥಿ ಶಿಕ್ಷಕರು ಇನ್ನೂ ಬಂದಿರದ ಶಾಲೆಯಲ್ಲಿ ಅದು ಕಾಗದದ ಮೇಲೇ ಉಳಿಯುತ್ತದೆ. ಆದ್ದರಿಂದ ನೀವು ಯಾರನ್ನಾದರೂ ಓದಿಸಿ ನೋಡುವುದಾದರೆ 7ನೆಯವರನ್ನು ಕೇಳಬೇಡಿ, 4ನೆಯವರನ್ನು ಕೇಳಿ.

ಮೆಟ್ರಿಕ್ ಮೇಳಕ್ಕೆ ಬರುತ್ತೇನೆ. ಹೊರಗಿನವರಿಗೆ ಇದು ಫೋಟೊ ಕಾರ್ಯಕ್ರಮದ ಹಾಗೆ ಕಾಣುತ್ತದೆ: ಮಕ್ಕಳು ಸೊಪ್ಪು, ತರಕಾರಿ, ಚುರುಮುರಿ ತಂದು ಶಾಲೆಯ ಅಂಗಳದಲ್ಲಿ ಸಂತೆ ಹೂಡುತ್ತಾರೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಟೇಪು ಕತ್ತರಿಸುತ್ತಾರೆ, ಊರವರು ಬಂದು ಕೊಳ್ಳುತ್ತಾರೆ. ನನ್ನ ಪ್ರಕಾರ ವರದಿಯಲ್ಲಿರುವ ಎಲ್ಲ ಚಟುವಟಿಕೆಗಳಲ್ಲಿ ಕಲಿಕೆ ಕಣ್ಣಿಗೆ ಕಾಣುವುದು ಇದರಲ್ಲೇ. ಒಂದು ವರ್ಷ ಅವರೆಕಾಯಿ ಕಾಲದಲ್ಲಿ ಮೇಳ ಇಟ್ಟಿದ್ದೆವು. 5ನೇ ತರಗತಿಯ ಒಬ್ಬಳು ಹುಡುಗಿ, ಪುಸ್ತಕದಲ್ಲಿ ಭಾಗಾಕಾರ ಕೊಟ್ಟರೆ ಪೆನ್ಸಿಲ್ ಕಚ್ಚುತ್ತಾ ಕೂರುವವಳು, ಅವರೆಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದಳು. ಕಾಲು ಕೇಜಿಗೆ 20 ರೂಪಾಯಿ. ಸುತ್ತಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಮೇಡಂ ಬೇಕಂತಲೇ “ನಂಗೆ 400 ಗ್ರಾಂ ಕೊಡಮ್ಮ” ಅಂದರು. ಅವಳು ತಕ್ಕಡಿ ಎತ್ತಿ ಕಣ್ಣು ಮೇಲೆ ಮಾಡಿ, “ಕಾಲು ಕೇಜಿಗೆ ಇಪ್ಪತ್ತು, ಐವತ್ತಕ್ಕೆ ನಾಲ್ಕು, ಇನ್ನು ನೂರೈವತ್ತಕ್ಕೆ ಹನ್ನೆರಡು, ಮೂವತ್ತೆರಡು ಕೊಡಿ ಮಿಸ್” ಅಂದಳು. ಮೇಡಂ “ಮೂವತ್ತಕ್ಕೆ ಕೊಡು” ಅಂದಾಗ “ಬರಲ್ಲ ಮಿಸ್, ನಮ್ಮವ್ವ ಬೈತಾಳೆ” ಅಂತ ಖಡಾಖಂಡಿತ. ಮಾರನೇ ದಿನ ತರಗತಿಯಲ್ಲಿ ಅವಳ ಲೆಕ್ಕವನ್ನು ಅವಳು ಹೇಳಿದ ಹಾಗೇ ಬೋರ್ಡಿನ ಮೇಲೆ ಬರೆದೆವು: ಮೊದಲು 250ಕ್ಕೆ, ಆಮೇಲೆ 50ಕ್ಕೆ, ಅದರ ಮೂರರಷ್ಟು. ಏಕಮಾನ ಪದ್ಧತಿ ಅನ್ನುವ ಪಾಠ ಅಲ್ಲೇ ಮುಗಿಯಿತು.

ಮೇಳ ಮಾಡಿದ ಶಾಲೆಗಳಿಗೆಲ್ಲ ಈ ಮಾರನೇ ದಿನ ಇರುವುದಿಲ್ಲ. ಸಂತೆ ಮುಗಿಸಿ, ಫೋಟೊ ವಾಟ್ಸಾಪ್ ಗುಂಪಿಗೆ ಹಾಕಿ, ಮರುದಿನ ಯಥಾಪ್ರಕಾರ ಮುಂದಿನ ಪಾಠ. ಹಾಗಾಗಿ ಮೇಳ ಆಯಿತಾ ಅಂತ ಕೇಳಬೇಡಿ, ಮೇಳದ ಲೆಕ್ಕದ ಪುಸ್ತಕ ಇದೆಯಾ ಅಂತ ಕೇಳಿ. ಬಂಡವಾಳ ಎಷ್ಟು, ಮಾರಿದ್ದು ಎಷ್ಟು, ಉಳಿದದ್ದು ಎಷ್ಟು ಅಂತ ಮಕ್ಕಳ ಕೈಬರಹದಲ್ಲಿ ಇದ್ದರೆ ಅದೇ ಸಾಕ್ಷಿ. ನಷ್ಟ ಬರೆದಿರುವ ಮಗುವಿನ ಪುಟ ಸಿಕ್ಕರೆ ಇನ್ನೂ ಒಳ್ಳೆಯದು.

ಪ್ರತಿಭಾ ಕಾರಂಜಿ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು), ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಮೆಟ್ಟಿಲು ಹತ್ತುವ ಸ್ಪರ್ಧೆಗಳು. ಕಂಠಪಾಠ, ಕಥೆ ಹೇಳುವುದು, ಛದ್ಮವೇಷ, ಆಶುಭಾಷಣ, ಮಣ್ಣಿನ ಮಾದರಿ ಇತ್ಯಾದಿ. ಛದ್ಮವೇಷ, ನೃತ್ಯ ಇವುಗಳಲ್ಲಿ ಬಾಡಿಗೆ ಬಟ್ಟೆ ತರಿಸುವ ಶಕ್ತಿ ಇರುವ ಶಾಲೆಗಳೇ ಮುಂದೆ ಹೋಗುತ್ತವೆ, ಅದರಲ್ಲಿ ಗುಟ್ಟೇನೂ ಇಲ್ಲ. ಕಥೆ ಹೇಳುವುದು, ಆಶುಭಾಷಣದಲ್ಲಿ ಬಂದ ಬಹುಮಾನಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಅಲ್ಲಿ ದುಡ್ಡು ಕೆಲಸ ಮಾಡುವುದಿಲ್ಲ. ಜಿಗಣಿ, ಬೊಮ್ಮಸಂದ್ರ, ಅತ್ತಿಬೆಲೆ ಸುತ್ತಿನ ಶಾಲೆಗಳಲ್ಲಿ ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಬಹಳ. ತಮಿಳು, ತೆಲುಗು, ಹಿಂದಿ ಮನೆಮಾತಿನವರೂ ಇದ್ದಾರೆ. ಅವರಲ್ಲೊಬ್ಬರು ಕ್ಲಸ್ಟರ್ ಮಟ್ಟದಲ್ಲಿ ಮೈಕು ಹಿಡಿದು ನಿಂತಿದ್ದರೆ, ಬಹುಮಾನ ಬರದಿದ್ದರೂ ನನ್ನ ಲೆಕ್ಕದಲ್ಲಿ ಅದು ಸಾಧನೆ. ಒಂದೇ ಮಗುವಿನ ಹೆಸರು ಮೂರು ಸ್ಪರ್ಧೆಗಳಲ್ಲಿ ಇದ್ದರೆ, ಉಳಿದ ಮಕ್ಕಳಿಗೆ ಅವಕಾಶ ಯಾಕೆ ಹೋಗಲಿಲ್ಲ ಅಂತ ನಯವಾಗಿ ಕೇಳಬಹುದು.

ಇನ್‌ಸ್ಪೈರ್ ಅವಾರ್ಡ್ ಅನ್ನುವುದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯದು. 6ನೇ ತರಗತಿಯಿಂದ ಮೇಲಿನ ಮಕ್ಕಳ ಹೊಸ ಯೋಚನೆಗಳನ್ನು ಶಾಲೆ ಆನ್‌ಲೈನಿನಲ್ಲಿ ಕಳಿಸಬೇಕು. ಆಯ್ಕೆಯಾದ ಮಗುವಿನ ಖಾತೆಗೆ ಮಾದರಿ ತಯಾರಿಸಲು 10,000 ರೂಪಾಯಿ ಬರುತ್ತದೆ. ಇಲ್ಲಿ ತೋರಿಕೆ ಜಾಸ್ತಿ. ಎಸ್.ಪಿ. ರೋಡಿನಲ್ಲಿ ಬಿಡಿಭಾಗ ತಂದು ಯಾರೋ ದೊಡ್ಡವರು ಜೋಡಿಸಿಕೊಟ್ಟ ಮಾದರಿ ನೋಡಿದ ಕೂಡಲೇ ಗೊತ್ತಾಗುತ್ತದೆ. ಪ್ರದರ್ಶನದಲ್ಲಿ ಮಗು ಬಾಯಿಪಾಠ ಒಪ್ಪಿಸುತ್ತದೆ. ಮಧ್ಯೆ ತಡೆದು “ಇದು ಮೊದಲ ಸಲ ಯಾಕೆ ಕೆಲಸ ಮಾಡಲಿಲ್ಲ?” ಅಂತ ಕೇಳಿ. ಸ್ವಂತವಾಗಿ ಮಾಡಿದ ಮಗುವಿಗೆ ಹೇಳಲು ಬೇಕಾದಷ್ಟು ಇರುತ್ತದೆ.

ಮಾಗಡಿ ಕಡೆ ಇದ್ದಾಗ ಒಬ್ಬಳು ಹುಡುಗಿ ಇದ್ದಳು. ಮನೆಯಲ್ಲಿ ತಾಯಿ, ಅಜ್ಜಿ ಇಬ್ಬರೂ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕೂಲಿ ಮಾಡುತ್ತಿದ್ದರು. ಅಜ್ಜಿಯ ಹೆಬ್ಬೆರಳು ಜಜ್ಜಿಹೋಗಿತ್ತು. ಇವಳು ಎರಡು ಹಲಗೆ ತುಂಡಿಗೆ ಬಾಗಿಲ ತಿರುಗಣಿ ಹಾಕಿ, ಮೇಲಿನ ಹಲಗೆಗೆ ಉದ್ದ ಹಿಡಿ ಕಟ್ಟಿ, ಹಣ್ಣು ಇಟ್ಟು ಒತ್ತಿದರೆ ಬೀಜ ಪಕ್ಕಕ್ಕೆ ಬರುವ ಹಾಗೆ ಒಂದು ಸಾಧನ ಮಾಡಿದಳು. ಮೊದಲು ಹಣ್ಣೆಲ್ಲ ಹಲಗೆಗೆ ಅಂಟಿಕೊಳ್ಳುತ್ತಿತ್ತು. ಹರಳೆಣ್ಣೆ ಸವರಿದಳು, ಅದೂ ಸರಿಹೋಗಲಿಲ್ಲ. ಕೊನೆಗೆ ಹಲಗೆಗೆ ಹಳೇ ಸೈಕಲ್ ಟ್ಯೂಬು ಹೊಡೆದಳು. ಅದು ಆಯ್ಕೆಯಾಗಲಿಲ್ಲ. ಆ ವರ್ಷದ ವರದಿಯಲ್ಲಿ ಇನ್‌ಸ್ಪೈರ್ ಮುಂದೆ ‘ಇಲ್ಲ’ ಅಂತ ಬರೆದು ಕಳಿಸಿದೆವು, ಯಾಕೆಂದರೆ ಆ ಕಾಲಂನಲ್ಲಿ ಆಯ್ಕೆಯಾದವರ ಸಂಖ್ಯೆಗೆ ಮಾತ್ರ ಜಾಗ ಇತ್ತು.

ಇನ್ನು ಎನ್‌ಎಂಎಂಎಸ್. ನಿಮ್ಮ ತಂಡ ಏನಾದರೂ ಒಂದನ್ನೇ ಹಿಡಿಯುವುದಾದರೆ ಇದನ್ನು ಹಿಡಿಯಿರಿ ಅಂತ ನಾನು ಹೇಳುತ್ತೇನೆ. ಸರ್ಕಾರಿ, ಅನುದಾನಿತ ಶಾಲೆಯ 8ನೇ ತರಗತಿ ಮಕ್ಕಳಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆ. ಮನೆಯ ವರಮಾನ ವರ್ಷಕ್ಕೆ 3.5 ಲಕ್ಷದ ಒಳಗಿರಬೇಕು. ಎರಡು ಪತ್ರಿಕೆ: ಒಂದು ಬೌದ್ಧಿಕ ಸಾಮರ್ಥ್ಯದ್ದು, ಇನ್ನೊಂದು ಪಾಠದ ವಿಷಯಗಳದ್ದು, ತಲಾ 90 ಪ್ರಶ್ನೆ. ಪಾಸಾಗಿ ಆಯ್ಕೆಯಾದರೆ 9ರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ನಿಮ್ಮ ಕಂಪನಿಯಲ್ಲಿ ಅದು ದೊಡ್ಡ ಮೊತ್ತ ಅಲ್ಲ. ಗಾರ್ಮೆಂಟ್ಸ್‌ಗೆ ಹೋಗುವ ತಾಯಿಗೆ, ಮಗಳನ್ನು ಪಿಯುಸಿಗೆ ಕಳಿಸಲೋ ತನ್ನ ಜೊತೆ ಫ್ಯಾಕ್ಟರಿಗೆ ಕರೆದುಕೊಂಡು ಹೋಗಲೋ ಅನ್ನುವಾಗ, ಆ ದುಡ್ಡು ತೂಗುತ್ತದೆ.

ವರದಿಯಲ್ಲಿ ‘ಎನ್‌ಎಂಎಂಎಸ್: 2 ವಿದ್ಯಾರ್ಥಿಗಳು ಆಯ್ಕೆ’ ಅಂತ ಇರುತ್ತದೆ. ನೀವು ಮೂರು ವಿಷಯ ವಿಚಾರಿಸಿ. 8ನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಅವರಲ್ಲಿ ಎಷ್ಟು ಜನ ಪರೀಕ್ಷೆಗೆ ಕೂತರು, ಹಿಂದಿನ ವರ್ಷ ಆಯ್ಕೆಯಾದವರಿಗೆ ದುಡ್ಡು ಬಂತಾ. ಮೂರನೆಯದಕ್ಕೆ ಬಹಳ ಶಾಲೆಗಳಲ್ಲಿ ಉತ್ತರ ಇರುವುದಿಲ್ಲ. ಆಯ್ಕೆಯಾದ ಮೇಲೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ವರ್ಷಾವರ್ಷ ನವೀಕರಿಸಬೇಕು. ಆಧಾರ್‌ನಲ್ಲಿ ಹೆಸರು ಒಂದು ಥರ, ಶಾಲಾ ದಾಖಲೆಯಲ್ಲಿ ಇನ್ನೊಂದು ಥರ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ಒಟಿಪಿ ಬರುವ ಫೋನು ಅಪ್ಪನ ಜೇಬಿನಲ್ಲಿ, ಅಪ್ಪ ಸೈಟಿನಲ್ಲಿ. ಯಾದಗಿರಿ ಕಡೆಯವರಾದರೆ ರೇಷನ್ ಕಾರ್ಡು ಊರಲ್ಲಿ, ಮಗು ಇಲ್ಲಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ ಸುತ್ತಬೇಕು. ಅಷ್ಟರಲ್ಲಿ ಮಗು 9ಕ್ಕೆ ಬೇರೆ ಹೈಸ್ಕೂಲು ಸೇರಿರುತ್ತದೆ, ಅಲ್ಲಿನವರಿಗೆ ಇದು ತಮ್ಮ ಮಗು ಅನ್ನಿಸಿರುವುದಿಲ್ಲ. ಪರೀಕ್ಷೆ ಗೆದ್ದು ಪೋರ್ಟಲ್‌ನಲ್ಲಿ ಸೋಲುವ ಮಕ್ಕಳನ್ನು ಕಂಡಿದ್ದೇನೆ, ನೋಡಲಾಗುವುದಿಲ್ಲ. ನಿಮ್ಮ ತಂಡದಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಕೆಲಸ ಮಾಡುವವರೇ ಇದ್ದೀರಲ್ಲ. ಎರಡು ಶನಿವಾರ ಬಂದು ಈ ಅರ್ಜಿಗಳನ್ನು ಕೂರಿಸಿಕೊಂಡು ಸರಿ ಮಾಡಿಸಿಕೊಟ್ಟರೆ ಗೋಡೆಗೆ ರೈಲಿನ ಚಿತ್ರ ಬರೆಸುವುದಕ್ಕಿಂತ ಎಷ್ಟೋ ಮೇಲು. (ರೈಲಿನ ಚಿತ್ರದ ಮೇಲೆ ನನಗೆ ದ್ವೇಷ ಏನಿಲ್ಲ. ಮಕ್ಕಳಿಗೆ ಇಷ್ಟ. ಆದರೆ ನಮ್ಮ ಸುತ್ತಿನ ಶಾಲೆಗಳ ಗೋಡೆಗಳಲ್ಲಿ ಈಗಾಗಲೇ ಸಾಕಷ್ಟು ರೈಲು ನಿಂತಿವೆ.)

ನವೋದಯ, ಮೊರಾರ್ಜಿ ವಸತಿ ಶಾಲೆಗಳ ಆಯ್ಕೆಗಳೂ ಪಟ್ಟಿಯಲ್ಲಿ ಇರುತ್ತವೆ. ಎರಡಕ್ಕೂ 5ನೇ ತರಗತಿಯಲ್ಲಿ ಪರೀಕ್ಷೆ ಬರೆದು 6ಕ್ಕೆ ಸೇರಬೇಕು. ನವೋದಯದಲ್ಲಿ ಕನಿಷ್ಠ ಶೇ 75 ಸೀಟು ಹಳ್ಳಿ ಮಕ್ಕಳಿಗೆ. ಇದರಲ್ಲೊಂದು ವಿಚಿತ್ರ ಇದೆ. ಚೆನ್ನಾಗಿ ಕಲಿಸಿದ ಶಾಲೆ ತನ್ನ ಚುರುಕು ಮಕ್ಕಳನ್ನು 5ರಲ್ಲೇ ಕಳಿಸಿಕೊಡುತ್ತದೆ. ಆಮೇಲೆ ಅದರ 7, 8ನೇ ತರಗತಿಯ ಫಲಿತಾಂಶ ಸಾಧಾರಣವಾಗಿ ಕಾಣುತ್ತದೆ. ಮೇಲಿನ ತರಗತಿಗಳ ಅಂಕ ಮಾತ್ರ ನೋಡಿ ಶಾಲೆಯನ್ನು ಅಳೆದರೆ ಈ ಟೀಚರುಗಳಿಗೆ ಅನ್ಯಾಯ ಆಗುತ್ತದೆ.

ವರದಿಯಲ್ಲಿ ಬರದ ಎರಡು ವಿಷಯ ನೀವೇ ಕೇಳಿ ತಿಳಿದುಕೊಳ್ಳಿ. ಒಂದು, ಪುಸ್ತಕ. ಶಾಲೆಯ ಗ್ರಂಥಾಲಯದ ಪುಸ್ತಕಗಳು ಹೊಸದಾಗಿ, ಬೀಗ ಹಾಕಿದ ಬೀರುವಿನಲ್ಲಿ ಸಾಲಾಗಿ ನಿಂತಿದ್ದರೆ ಖುಷಿ ಪಡಬೇಡಿ. ಅಂಚು ಮುದುರಿ, ರಟ್ಟು ಕಿತ್ತು, ಟೇಪು ಹಚ್ಚಿದ ಪುಸ್ತಕ ಇದ್ದರೆ ಓದುತ್ತಿದ್ದಾರೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಅಂತ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ನಿಮ್ಮ ಶಾಲೆಯ ಮಕ್ಕಳಲ್ಲಿ ಎಷ್ಟು ಜನ ಅಲ್ಲಿಗೆ ಈಗಲೂ ಹೋಗುತ್ತಾರೆ ಅಂತ ಗ್ರಂಥಪಾಲಕರನ್ನೇ ಕೇಳಬಹುದು.

ಇನ್ನೊಂದು, ಮಕ್ಕಳ ಗ್ರಾಮಸಭೆ. ವರ್ಷಕ್ಕೊಮ್ಮೆ ಪಂಚಾಯಿತಿಯವರು ಮಕ್ಕಳನ್ನು ಕೂರಿಸಿ ಅವರ ಅಹವಾಲು ಕೇಳಬೇಕು. ಒಂದು ಸಲ ನಮ್ಮ 7ನೇ ತರಗತಿ ಹುಡುಗಿಯರು ಎದ್ದು, ಶಾಲೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಬೀದಿದೀಪ ಇಲ್ಲ, ಚಳಿಗಾಲದಲ್ಲಿ ವಿಶೇಷ ತರಗತಿ ಮುಗಿಸಿ ಹೋಗುವಾಗ ಕತ್ತಲಾಗುತ್ತದೆ, ಅಲ್ಲೇ ಕುಡಿದು ಕೂತಿರುತ್ತಾರೆ ಅಂತ ಪಿಡಿಒ ಮುಂದೆ ಹೇಳಿದರು. ಹೇಳಿದವಳ ಕಾಲು ನಡುಗುತ್ತಿತ್ತು, ಆದರೂ ಚೀಟಿ ನೋಡಲಿಲ್ಲ. ಪಿಡಿಒ ಬರೆದುಕೊಂಡರು, ಎರಡು ಕಂಬಕ್ಕೆ ದೀಪ ಬಂತು, ಮೂರನೆಯದು ಇನ್ನೂ ಬಂದಿಲ್ಲ. ಇದಕ್ಕೆ ಪ್ರಶಸ್ತಿ ಪತ್ರ ಕೊಡುವವರು ಯಾರೂ ಇಲ್ಲ, ಆದ್ದರಿಂದ ಬೀರುವಿನಲ್ಲೂ ಇಲ್ಲ.

“ಇಂಥ ಶಾಲೆಯಿಂದ ದೊಡ್ಡವರಾದವರು ಯಾರಾದರೂ ಇದ್ದಾರಾ?” ಅಂತ ಬೆಂಗಳೂರಿನವರು ಕೇಳುವುದುಂಟು. ನಿಮಗೆ ಎಚ್. ನರಸಿಂಹಯ್ಯನವರ ಹೆಸರು ಗೊತ್ತಿರುತ್ತದೆ. ಗೌರಿಬಿದನೂರಿನ ಹತ್ತಿರದ ಹೊಸೂರಿನ ಬಡ ಮನೆಯ ಹುಡುಗ, ಹೈಸ್ಕೂಲು ಓದಲು 1935ರಲ್ಲಿ ನಡೆದುಕೊಂಡೇ ಬೆಂಗಳೂರಿಗೆ ಬಂದರು. ಭೌತಶಾಸ್ತ್ರದ ಮೇಷ್ಟ್ರಾಗಿ, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಬೆಂಗಳೂರು ಸೈನ್ಸ್ ಫೋರಂ ಅನ್ನು 1962ರಲ್ಲಿ ಕಟ್ಟಿದವರೂ ಅವರೇ. ಅವರ ಹಳ್ಳಿ ಶಾಲೆಯಿಂದ ಆ ಕಾಲದಲ್ಲಿ ಯಾರಾದರೂ ವಾರ್ಷಿಕ ವರದಿ ತರಿಸಿಕೊಂಡಿದ್ದರೆ ಅದರಲ್ಲಿ ಇದ್ಯಾವುದೂ ಇರುತ್ತಿರಲಿಲ್ಲ. ಶಾಲೆಗೆ ತನ್ನ ಫಲ ಗೊತ್ತಾಗುವಷ್ಟರಲ್ಲಿ ಕಲಿಸಿದವರು ನಿವೃತ್ತರಾಗಿರುತ್ತಾರೆ. ಆದ್ದರಿಂದ ನಮ್ಮ 8ನೆಯವರು ಎಷ್ಟು ಜನ 9ಕ್ಕೆ ಸೇರಿದರು, ಹುಡುಗಿಯರು ಎಷ್ಟು ಜನ ಪಿಯುಸಿಗೆ ಹೋದರು ಅನ್ನುವುದನ್ನು ಮಾತ್ರ ನಾನು ನನ್ನದೇ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ನಿಮ್ಮ ಶಾಲೆಯಲ್ಲೂ ಯಾರಾದರೂ ಒಬ್ಬ ಟೀಚರ್ ಬಳಿ ಇಂಥ ಪುಸ್ತಕ ಇದ್ದೇ ಇರುತ್ತದೆ. ಕೇಳಿದರೆ ಖುಷಿಯಾಗಿ ತೋರಿಸುತ್ತಾರೆ.

ದುಡ್ಡು ಎಲ್ಲಿ ಹಾಕುವುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಶೌಚಾಲಯಕ್ಕೆ ನೀರಿನ ಮೋಟರು, ಮತ್ತು ಅದನ್ನು ದಿನಾ ತೊಳೆಯುವವರಿಗೆ ತಿಂಗಳ ಸಂಬಳ. ಎನ್‌ಎಂಎಂಎಸ್ ಪರೀಕ್ಷಾ ಕೇಂದ್ರಕ್ಕೆ ಹೋಗಿಬರಲು ಒಂದು ವ್ಯಾನು. ಭಾನುವಾರ ಕೂಲಿ ಬಿಟ್ಟು ಮಗುವನ್ನು ಕರೆದುಕೊಂಡು ಹೋಗುವವರು ಇಲ್ಲ ಅಂತಲೇ ಕೆಲವರು ತಪ್ಪಿಸಿಕೊಳ್ಳುತ್ತಾರೆ. ಮೂರನೆಯದು ಪ್ರವಾಸ. ಆನೇಕಲ್ಲಿನಿಂದ ಬೆಂಗಳೂರಿನ ಕಸ್ತೂರಬಾ ರಸ್ತೆಗೆ ಬಸ್ಸಿನಲ್ಲಿ ಹೋಗಿಬರುವಷ್ಟು ದೂರ ಅಷ್ಟೇ, ಆದರೆ ಅಲ್ಲಿರುವ ವಿಶ್ವೇಶ್ವರಯ್ಯ ವಿಜ್ಞಾನ ಮ್ಯೂಸಿಯಂ ನೋಡದ ಮಕ್ಕಳೇ ಹೆಚ್ಚು. ನೆಹರು ತಾರಾಲಯದಲ್ಲಿ ಕನ್ನಡದ ಪ್ರದರ್ಶನವೂ ಇದೆ, ಮೊದಲೇ ವಿಚಾರಿಸಿಕೊಂಡು ಕರೆದುಕೊಂಡು ಹೋಗಿ. ನಿಮ್ಮ ಕಂಪನಿಯ ಟೀ ಶರ್ಟು ಮಕ್ಕಳಿಗೆ ಹಾಕಿಸಬೇಡಿ, ದಯವಿಟ್ಟು.

ಶಾಲೆ ನೋಡಲು ಬರುವುದಾದರೆ ಆಗಸ್ಟ್ 15, ನವೆಂಬರ್ 1, ವಾರ್ಷಿಕೋತ್ಸವ ಇವನ್ನು ಬಿಟ್ಟು ಬೇರೆ ದಿನ ಬನ್ನಿ. ನವೆಂಬರ್, ಡಿಸೆಂಬರ್‌ನ ಯಾವುದಾದರೂ ಮಂಗಳವಾರ, ಬುಧವಾರ ಬೆಳಗ್ಗೆ ಹಾಲು ಕುಡಿದು ಮಕ್ಕಳು ತರಗತಿಗೆ ಹೋದ ಮೇಲೆ ಒಳ್ಳೆಯ ಹೊತ್ತು. ಎಚ್‌ಎಂಗೆ ಮುಂಚೆ ಫೋನ್ ಮಾಡಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮೀಟಿಂಗು ಯಾವಾಗ ಬರುತ್ತದೋ ಅವರಿಗೂ ಗೊತ್ತಿರುವುದಿಲ್ಲ. ಮಧ್ಯಾಹ್ನ ಬಿಸಿಯೂಟಕ್ಕೆ ಮಕ್ಕಳ ಜೊತೆ ನೆಲದ ಮೇಲೆ ಕೂತು ಊಟ ಮಾಡಿ, ಆ ಹೊತ್ತಿನಲ್ಲಿ ಮಕ್ಕಳು ಬಾಯಿಬಿಟ್ಟು ಮಾತಾಡುತ್ತಾರೆ. ನಿಮ್ಮ ವರದಿಯಲ್ಲಿ ಅರ್ಥವಾಗದ ಬೇರೆ ಯಾವುದಾದರೂ ಸಾಲು ಇದ್ದರೆ ಕಾಮೆಂಟಿನಲ್ಲಿ ಹಾಕಿ, ಗೊತ್ತಿದ್ದರೆ ಬಿಡಿಸಿ ಹೇಳುತ್ತೇನೆ.